ಹದ ಮಾಡಿದ ಹೃದಯದ ಕವಾಟ ಸುಣ್ಣಗಟ್ಟೋದು ಯಾಕೆ?

ಮೂರು ದಿನ ಇದೊಂದಕ್ಕೇ ತಲೆ ಕೆಡಿಸಿಕೊಂಡಿದ್ದೆ. ಮರೆಯುವ ಮುಂಚೆ ಬರೆದಿಡುತ್ತೇನೆ.

ಹಂದಿಯ ಕವಾಟವನ್ನೋ ಹಸುವಿನ ಪೆರಿಕಾರ್ಡಿಯಂ ಅನ್ನೋ (ಹೃದಯವನ್ನು ಸುತ್ತಿರುವ ಚೀಲ) ಮನುಷ್ಯರಿಗೆ ಹಾಕುವ ಮೊದಲು ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕದಲ್ಲಿ ನೆನೆಸುತ್ತಾರೆ. 1960ರ ದಶಕದ ಕೊನೆಯಲ್ಲಿ ಪ್ಯಾರಿಸ್‌ನ ಹೃದಯ ಶಸ್ತ್ರಚಿಕಿತ್ಸಕ ಅಲಾಂ ಕಾರ್ಪೆಂತಿಯೆ ಈ ದಾರಿ ಹಾಕಿಕೊಟ್ಟರು. ಕೊಲಾಜೆನ್ (ಅಂಗಾಂಶಕ್ಕೆ ಬಲ ಕೊಡುವ ಪ್ರೋಟೀನ್) ಎಳೆಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಅಂಗಾಂಶ ಕೊಳೆಯುವುದಿಲ್ಲ, ದೇಹದ ವಿರೋಧವೂ ಕಡಿಮೆ. ಚರ್ಮ ಹದ ಮಾಡಿದ ಹಾಗೇ.

ನಾನು ಎಡವಿದ್ದು ಇಲ್ಲಿ. ಗೀಸರ್ ಕಾಯಿಲ್‌ಗೆ ಬೋರ್‌ವೆಲ್ ನೀರಿನ ಬಿಳಿ ಪದರ ಕಟ್ಟುತ್ತದಲ್ಲ, ರಕ್ತದ ಕ್ಯಾಲ್ಸಿಯಂ ಕೂಡ ಹಾಗೇ ಕವಾಟದ ಮೇಲೆ ಕೂರುತ್ತದೆ ಅಂದುಕೊಂಡಿದ್ದೆ. ಪೂರ್ತಿ ತಪ್ಪು. ಹದ ಮಾಡಿದ ಒಂದು ಚೂರನ್ನು ಎಳೆಯ ಇಲಿಯ ಚರ್ಮದಡಿ ಇಟ್ಟರೆ ಮೂರೇ ವಾರದಲ್ಲಿ ಜೋರಾಗಿ ಸುಣ್ಣಗಟ್ಟುತ್ತದೆ. ಅಲ್ಲಿ ರಕ್ತದ ಹರಿವಿಲ್ಲ, ಕವಾಟದ ಬಡಿತವೂ ಇಲ್ಲ. ಅಂದರೆ ಬೀಜ ಒಳಗೇ ಇದೆ!

ಆ ಬೀಜ ಸತ್ತ ಜೀವಕೋಶ. ಬದುಕಿರುವ ಕೋಶದೊಳಗಿನ ಕ್ಯಾಲ್ಸಿಯಂ ಹೊರಗಿನದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ತೂತಾದ ದೋಣಿಯಿಂದ ಒಬ್ಬ ನೀರು ಎತ್ತಿ ಎತ್ತಿ ಹೊರಗೆ ಚೆಲ್ಲುತ್ತಿರುವ ಹಾಗೆ, ಕೋಶದ ಪಂಪ್‌ಗಳು ಬಿಡುವಿಲ್ಲದೆ ಕ್ಯಾಲ್ಸಿಯಂ ಹೊರಹಾಕುತ್ತಿರುತ್ತವೆ. ಗ್ಲುಟರಾಲ್ಡಿಹೈಡ್ ಕೋಶವನ್ನು ಕೊಲ್ಲುತ್ತದೆ, ಆದರೆ ಅದರ ಹೆಣವನ್ನು ಅಲ್ಲೇ ಉಳಿಸುತ್ತದೆ. ದೋಣಿ ಇದೆ, ತೂತಿದೆ, ನೀರು ಎತ್ತುವವನಿಲ್ಲ. ಒಳನುಗ್ಗಿದ ಕ್ಯಾಲ್ಸಿಯಂಗೆ ಜೊತೆಯಾಗಲು ರಂಜಕವೂ ಬೇಕು. ಅದು ಕೋಶದ ಪೊರೆಯ ಫಾಸ್ಫೋಲಿಪಿಡ್‌ನಲ್ಲೇ (ರಂಜಕ ಇರುವ ಕೊಬ್ಬು) ಸಿದ್ಧವಾಗಿದೆ. ಎರಡೂ ಸೇರಿದರೆ ಹರಳು ಶುರು. (ಸುಮ್ನೆ ಸುಣ್ಣ ಅಂತಿದ್ದೀನಿ. ನಿಜವಾಗಿ ಇದು ಕ್ಯಾಲ್ಸಿಯಂ ಫಾಸ್ಫೇಟ್, ಮೂಳೆಯ ಖನಿಜದ ಹತ್ತಿರದ ನೆಂಟ.) ಮಕ್ಕಳಲ್ಲಿ ಇದೆಲ್ಲ ಇನ್ನೂ ಬೇಗ ಆಗುತ್ತದೆ.

ಇಷ್ಟು ಹೊಳೆದ ಮೇಲೆ ಮದ್ದುಗಳನ್ನು ಬಾಯಿಪಾಠ ಮಾಡಬೇಕಾಗಲಿಲ್ಲ. ಕ್ಯಾಲ್ಸಿಯಂ ಸಿಕ್ಕಿಕೊಳ್ಳುವ ಯಾವ ಕೊಕ್ಕೆಯನ್ನು ಇದು ಬಿಚ್ಚುತ್ತದೆ ಅಂತ ಕೇಳಿಕೊಂಡರೆ ಸಾಕು. ಮೊದಲ ಕೊಕ್ಕೆ, ಪೊರೆಯ ಆ ಕೊಬ್ಬು.

ಎಥನಾಲ್: ಹದ ಮಾಡಿದ ಮೇಲೆ 80% ಎಥನಾಲ್‌ನಲ್ಲಿ ನೆನೆಸಿದರೆ ಫಾಸ್ಫೋಲಿಪಿಡ್, ಕೊಲೆಸ್ಟರಾಲ್ ಎರಡೂ ಕರಗಿ ಹೋಗುತ್ತವೆ. ಕೊಲಾಜೆನ್‌ನ ರಚನೆಯೂ ಸ್ವಲ್ಪ ಬದಲಾಗುತ್ತದೆ. ಟ್ವೀನ್ 80 ತರಹದ ಸೋಪಿನಂಥ ವಸ್ತುಗಳದ್ದೂ ಕೊಬ್ಬು ತೆಗೆಯುವ ಕೆಲಸವೇ.

ಎರಡನೇ ಕೊಕ್ಕೆ, ಉಳಿದುಹೋದ ಆಲ್ಡಿಹೈಡ್ ಗುಂಪುಗಳು. ಗ್ಲುಟರಾಲ್ಡಿಹೈಡ್‌ಗೆ ಎರಡು ಕೈ. ಒಂದು ಕೈ ಕೊಲಾಜೆನ್ ಹಿಡಿದು ಇನ್ನೊಂದು ಖಾಲಿ ಉಳಿದರೆ, ಅದು ವಿಷಕಾರಿ, ಕ್ಯಾಲ್ಸಿಯಂ ಕಟ್ಟುವುದಕ್ಕೂ ದಾರಿ. ಆ ಖಾಲಿ ಕೈಗೆ ಗ್ಲೈಸಿನ್‌ನಂಥ ಅಮೈನೋ ಆಮ್ಲ ಕೊಟ್ಟು ಮುಚ್ಚುತ್ತಾರೆ. ಆಲ್ಫಾ ಅಮೈನೋ ಒಲಿಯಿಕ್ ಆಮ್ಲವೂ ಅಲ್ಲೇ ಹೋಗಿ ಅಂಟಿಕೊಳ್ಳುತ್ತದೆ.

ಇಲ್ಲಿ ನನಗೆ ಇನ್ನೊಂದು ಗಂಟು. ಮುಚ್ಚಿದ ಮೇಲೆ ಕವಾಟವನ್ನು ಮತ್ತೆ ಗ್ಲುಟರಾಲ್ಡಿಹೈಡ್ ಬಾಟಲಿಯಲ್ಲೇ ಇಟ್ಟರೆ? ಹೊಸ ಖಾಲಿ ಕೈಗಳು ಬಂದು ಕೂರುತ್ತವೆ, ಅಲ್ವಾ! ಒರೆಸಿದ ನೆಲಕ್ಕೆ ಮತ್ತೆ ಕೆಸರುಗಾಲಲ್ಲಿ ಬಂದ ಹಾಗೆ. ಕವಾಟ ತಯಾರಿಸುವ ಎಡ್ವರ್ಡ್ಸ್ ಕಂಪನಿಯ ರೆಸಿಲಿಯಾ ಅಂಗಾಂಶದಲ್ಲಿ ಆಲ್ಡಿಹೈಡ್ ಮುಚ್ಚಿದ ಮೇಲೆ ಗ್ಲಿಸರಾಲ್ ಹಾಕಿ ಒಣಗಿಸಿ ಇಡುವುದು ಯಾಕೆ ಅಂತ ನನಗೆ ಅರ್ಥವಾಗಿದ್ದು ಆಗಲೇ. ಬಾಟಲಿಯೇ ಬೇಡ ಅಂದುಬಿಟ್ಟರು.

ಪರೀಕ್ಷೆಯಲ್ಲಿ ಎಥನಾಲ್ ಒಂದೇ ಸಾಕು ಅಂತ ಮಾತ್ರ ಬರೆಯಬೇಡಿ. ನಾನು ಬರೆದು ಅಂಕ ಕಳೆದುಕೊಂಡೆ. ಹಂದಿಯ ಕವಾಟದ ಜೊತೆ ಮಹಾಪಧಮನಿಯ ಗೋಡೆಯೂ ಬಂದರೆ ಅಲ್ಲಿ ಎಲಾಸ್ಟಿನ್ (ರಬ್ಬರಿನಂತೆ ಹಿಗ್ಗುವ ಪ್ರೋಟೀನ್) ಜಾಸ್ತಿ. ಎಲಾಸ್ಟಿನ್ ತಾನೇ ಕ್ಯಾಲ್ಸಿಯಂ ಹಿಡಿಯುತ್ತದೆ. ಅಲ್ಲಿ ಕೊಬ್ಬು ತೆಗೆದರೂ ಪ್ರಯೋಜನವಿಲ್ಲ. ಪ್ರಾಣಿ ಪ್ರಯೋಗಗಳಲ್ಲಿ ಗೋಡೆಗೆ ಕೆಲಸ ಮಾಡಿದ್ದು ಅಲ್ಯೂಮಿನಿಯಂ ಕ್ಲೋರೈಡ್. ತೆರೆದು ಮುಚ್ಚುವ ಕವಾಟದ ಪದರಕ್ಕೆ ಎಥನಾಲ್, ಗೋಡೆಗೆ ಅಲ್ಯೂಮಿನಿಯಂ.