ಸೆಮಿನಾರಿನಲ್ಲಿ ಕೇಳಿದ ಪ್ರಬಂಧವನ್ನು ಥೀಸಿಸ್‌ನಲ್ಲಿ ಹೇಗೆ ನಮೂದಿಸಬೇಕು?

ಪ್ರಶ್ನೆ: ಮಾನಸಗಂಗೋತ್ರಿಯ ಒಂದು ವಿಚಾರ ಸಂಕಿರಣದಲ್ಲಿ ಕೇಳಿದ ಪ್ರಬಂಧ ನನ್ನ ಪಿಎಚ್.ಡಿ.ಯ ಒಂದು ಅಧ್ಯಾಯಕ್ಕೆ ತುಂಬಾ ಬೇಕಾಗಿದೆ. ಅದಿನ್ನೂ ಅಚ್ಚಾಗಿಲ್ಲ. ಗ್ರಂಥಋಣದಲ್ಲಿ ಸೇರಿಸಬಹುದಾ? ಹೇಗೆ ಬರೆಯಬೇಕು?
— ಸಂಶೋಧನಾ ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಸೇರಿಸಬಹುದು ಅಷ್ಟೇ ಅಲ್ಲ, ಸೇರಿಸಲೇಬೇಕು. ಅಚ್ಚಾಗಿಲ್ಲ ಅಂದ ಮಾತ್ರಕ್ಕೆ ಆ ವಿಚಾರ ವಾರಸುದಾರರಿಲ್ಲದ ಸ್ವತ್ತಾಗುವುದಿಲ್ಲ. ಕೃತಿಚೌರ್ಯ ತಡೆಯುವ ಯುಜಿಸಿಯ 2018ರ ನಿಯಮ ಬಂದ ಮೇಲೆ ಎಲ್ಲರ ಕಣ್ಣೂ ಬೇರೆ ಬರಹಗಳ ಜೊತೆಗಿನ ಆ ಶೇ. 10ರ ಹೋಲಿಕೆಯ ಮಿತಿಯ ಮೇಲೇ ನೆಟ್ಟಿದೆ. ಆದರೆ ಹೋಲಿಕೆ ಹುಡುಕುವ ಸಾಫ್ಟ್‌ವೇರ್ ಹಿಡಿಯುವುದು ಬರಹದಲ್ಲಿರುವ ಸಾಲುಗಳನ್ನು. ಸಭಾಂಗಣದಲ್ಲಿ ಕೂತು ಕೇಳಿದ ವಿಚಾರ ಅದರ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಇಲ್ಲಿ ಹೆಸರು ಹೇಳುವ ಹೊಣೆ ಪೂರ್ತಿ ನಿಮ್ಮದೇ.

ಬರೆಯುವ ಮುಂಚೆ ಒಂದು ವಿಷಯ ನೋಡಿಕೊಳ್ಳಿ. ನೀವು ಬಳಸುತ್ತಿರುವುದು ಯಾವುದು? ಅವತ್ತು ಕೇಳಿದ ಮಾತಾ, ಆಮೇಲೆ ಅಚ್ಚಾದ ಲೇಖನವಾ? ನೀವು ಯಾವುದನ್ನು ನೋಡಿದಿರೋ ಅದನ್ನೇ ನಮೂದಿಸಬೇಕು. ಮಂಡಿಸಿದ ಪ್ರಬಂಧಕ್ಕೂ ಪುಸ್ತಕದಲ್ಲಿ ಬಂದ ಪ್ರಬಂಧಕ್ಕೂ ಎಷ್ಟೋ ಸಲ ಜಾಸ್ತಿ ವ್ಯತ್ಯಾಸ ಇರುತ್ತದೆ. ಲೇಖಕರು ತಿದ್ದಿರುತ್ತಾರೆ, ಒಂದು ವಾದವನ್ನೇ ಕೈಬಿಟ್ಟಿರುತ್ತಾರೆ.

ಅಚ್ಚಾಗದ್ದಕ್ಕೆ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ ಉಲ್ಲೇಖ ಪದ್ಧತಿ) ಏಳನೇ ಆವೃತ್ತಿಯ ಕ್ರಮ ಹೀಗೆ: ಮಂಡಿಸಿದವರ ಹೆಸರು, ವರ್ಷದ ಜೊತೆ ಸಂಕಿರಣ ನಡೆದ ಅಷ್ಟೂ ದಿನಗಳು, ಪ್ರಬಂಧದ ಶೀರ್ಷಿಕೆ, ಚೌಕ ಕಂಸದಲ್ಲಿ ಅದು ಏನೆಂಬ ವಿವರ, ಸಂಕಿರಣದ ಹೆಸರು, ಊರು. ನಮ್ಮವರಿಗೆಲ್ಲ ಗೊತ್ತಿರುವ ಒಂದು ಉದಾಹರಣೆ ತಗೊಳ್ಳೋಣ. ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರ ಭಾಷಣವನ್ನು ನೀವು ಅಲ್ಲೇ ಕೂತು ಕೇಳಿದ್ದರೆ ಹೀಗೆ ಬರೆಯಬೇಕು:

ಚನ್ನಬಸಪ್ಪ, ಗೊ. ರು. (2024, ಡಿಸೆಂಬರ್ 20–22). [ಸಮ್ಮೇಳನಾಧ್ಯಕ್ಷರ ಭಾಷಣ]. 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ, ಮಂಡ್ಯ.

ಭಾಷಣಕ್ಕೆ ಬೇರೆ ಶೀರ್ಷಿಕೆ ಇಲ್ಲದಿದ್ದರೆ ಕಂಸದೊಳಗಿನ ವಿವರವೇ ಶೀರ್ಷಿಕೆಯ ಜಾಗದಲ್ಲಿ ನಿಲ್ಲುತ್ತದೆ. ನಿಮ್ಮ ಪ್ರಬಂಧಕ್ಕೆ ಶೀರ್ಷಿಕೆ ಇದ್ದೇ ಇರುತ್ತದೆ. ಅದನ್ನು ಓರೆ ಅಕ್ಷರದಲ್ಲಿ ಬರೆದು, ಮುಂದೆ [ಪ್ರಬಂಧ ಮಂಡನೆ] ಅಂತ ಹಾಕಿ. ಪೋಸ್ಟರ್ ಆಗಿದ್ದರೆ [ಪೋಸ್ಟರ್ ಪ್ರದರ್ಶನ]. ಅಧ್ಯಾಯದ ಒಳಗೆ ಮಾತ್ರ ಸುಮ್ನೆ (ಚನ್ನಬಸಪ್ಪ, 2024) ಅಂದರೆ ಸಾಕು.

87ನೇ ಅನ್ನುವ ಸಂಖ್ಯೆಯನ್ನು ಬಿಡಬೇಡಿ. ಬರೀ ‘ಮಂಡ್ಯ ಸಮ್ಮೇಳನ’ ಅಂದರೆ ಯಾವುದು? ಮಂಡ್ಯದಲ್ಲಿ 1974ರಲ್ಲಿ ಜಯದೇವಿತಾಯಿ ಲಿಗಾಡೆಯವರ ಅಧ್ಯಕ್ಷತೆಯಲ್ಲಿ ನಡೆದಿದೆ, 1994ರಲ್ಲಿ ಚದುರಂಗರ ಅಧ್ಯಕ್ಷತೆಯಲ್ಲಿ ನಡೆದಿದೆ, ಆಮೇಲೆ 2024ರಲ್ಲಿ. ಇಪ್ಪತ್ತು ವರ್ಷ ಬಿಟ್ಟು ನಿಮ್ಮ ಥೀಸಿಸ್ ತೆರೆದವರು ತಡಕಾಡಬಾರದು, ಅಲ್ವಾ? ಪ್ರತಿವರ್ಷ ಅದೇ ಹೆಸರಿನಲ್ಲಿ ನಡೆಯುವ ವಿಭಾಗದ ಸಂಕಿರಣಗಳಿಗೂ ಇದೇ ಮಾತು. ಆಹ್ವಾನ ಪತ್ರಿಕೆ ಇಟ್ಟುಕೊಂಡಿದ್ದರೆ ತಾರೀಕು, ಗೋಷ್ಠಿ, ಪೂರ್ತಿ ಹೆಸರು ಎಲ್ಲ ಅದರಲ್ಲೇ ಸಿಗುತ್ತದೆ.

ಹೆಸರಿನದ್ದು ಇನ್ನೊಂದು ತೊಡಕು. ನಮ್ಮ ಕಡೆ ಇನಿಷಿಯಲ್‌ಗಳು ಸಾಮಾನ್ಯವಾಗಿ ಊರಿನದ್ದು, ತಂದೆಯದ್ದು. ಕೆಲವರು ಅದನ್ನು ಹೆಸರಿನ ಹಿಂದೆ ಹಾಕುತ್ತಾರೆ, ಕೆಲವರು ಮುಂದೆ. ‘ಮಂಜುನಾಥ ಕೆ.’ ಅಂತ ಇದ್ದರೆ ಗ್ರಂಥಋಣದ ಪಟ್ಟಿ ಮಾಡಿಕೊಡುವ ಜೊಟೆರೊ, ಮೆಂಡಲೆಯಂಥ ಸಾಫ್ಟ್‌ವೇರ್ ಎಷ್ಟೋ ಸಲ ಆ ‘ಕೆ’ಯನ್ನೇ ಮನೆತನದ ಹೆಸರು ಅಂದುಕೊಂಡು ಮುಂದಕ್ಕೆ ತರುತ್ತದೆ. ಪಟ್ಟಿಯಲ್ಲಿ ಮಂಜುನಾಥರು ಮ-ಕಾರದಲ್ಲಿ ಕಾಣದೆ ಕ-ಕಾರಕ್ಕೆ ಹೋಗಿ ಕೂರುತ್ತಾರೆ. ಇದನ್ನು ಕೈಯಾರೆ ಸರಿಮಾಡಿ. ಒಬ್ಬರ ಕೆಲಸವನ್ನು ಗೌರವಿಸುವುದು ಅವರ ಹೆಸರನ್ನು ಸರಿಯಾಗಿ ಬರೆಯುವುದರಿಂದಲೇ ಶುರುವಾಗುತ್ತದೆ.

ಪ್ರಬಂಧ ಸಂಪುಟದಲ್ಲಿ ಬಂದಿದ್ದರೆ ಕೆಲಸ ಸುಲಭ. ಸಂಪಾದಿತ ಪುಸ್ತಕದ ಅಧ್ಯಾಯದ ಹಾಗೇ ಬರೆಯಿರಿ: ಲೇಖಕರು, ವರ್ಷ, ಪ್ರಬಂಧ, ಸಂಪಾದಕರು, ಸಂಪುಟದ ಹೆಸರು, ಪುಟಗಳು, ಪ್ರಕಾಶಕರು. ಇಲ್ಲಿ ಹಾಕಬೇಕಾದ್ದು ಪುಸ್ತಕ ಬಂದ ವರ್ಷ. ಡಿಸೆಂಬರಿನಲ್ಲಿ ಮಂಡಿಸಿದ್ದು ಮುಂದಿನ ವರ್ಷ ಅಚ್ಚಾಗುವುದು ಮಾಮೂಲಿ. ಈ ಎರಡನ್ನು ಕಲಸಿದರೆ ಓದುವವರಿಗೆ ಗೊಂದಲ. ಎಂಜಿನಿಯರಿಂಗ್‌ನವರ ಐಇಇಇ ಪದ್ಧತಿಯೂ ಇದನ್ನು ಬೇರೆಬೇರೆಯಾಗಿಯೇ ಇಡುತ್ತದೆ. ಮಂಡಿಸಿದ್ದಷ್ಟೇ ಆದರೆ ಮಂಡಿಸಿದ್ದು ಎಂದು ಸೂಚಿಸಬೇಕು, ಅಚ್ಚಾಗಿದ್ದರೆ ಪ್ರೊಸೀಡಿಂಗ್ಸ್ (ಸಂಕಿರಣದ ಪ್ರಬಂಧಗಳ ಸಂಪುಟ) ಹೆಸರು ಕೊಡಬೇಕು. ಸಾಹಿತ್ಯ, ಭಾಷೆಯವರು ಬಳಸುವ ಎಂಎಲ್ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ಪದ್ಧತಿಯಲ್ಲಿ ವಿರಾಮಚಿಹ್ನೆ, ಕ್ರಮ ಬೇರೆ. ಮಾಹಿತಿ ಹೆಚ್ಚುಕಡಿಮೆ ಇದೇ. ಯಾವ ಪದ್ಧತಿ ಅನ್ನೋದನ್ನು ನಿಮ್ಮ ಗೈಡ್ ಹತ್ತಿರ ಮೊದಲೇ ಕೇಳಿಕೊಳ್ಳಿ.

ಪ್ರಬಂಧದಲ್ಲಿ ಇಲ್ಲದ್ದು, ಊಟದ ಸಾಲಿನಲ್ಲಿ ಅವರು ನಿಮಗೆ ಹೇಳಿದ್ದು ಇದ್ದರೆ ಅದು ಪಟ್ಟಿಗೆ ಬರುವುದಿಲ್ಲ. ಎಪಿಎಯಲ್ಲಿ ಅದನ್ನು ವೈಯಕ್ತಿಕ ಮಾತುಕತೆ ಅಂತ ತಾರೀಕಿನ ಸಮೇತ ಬರಹದ ಒಳಗೇ ಸೂಚಿಸಬೇಕು. ಅವರ ಒಪ್ಪಿಗೆ ಕೇಳಿಯೇ ಬಳಸಿ.

ನಿಮಗೆ ನನ್ನ ಸಲಹೆ ಇಷ್ಟೇ. ಮಂಡಿಸಿದವರಿಗೆ ಇವತ್ತೇ ಒಂದು ಮೇಲ್ ಹಾಕಿ. ಪ್ರಬಂಧ ಎಲ್ಲಾದರೂ ಪ್ರಕಟವಾಗಿದೆಯಾ ಕೇಳಿ. ಇಲ್ಲ ಅಂದರೆ ಒಂದು ಪ್ರತಿ ಕೊಡುತ್ತಾರಾ ವಿಚಾರಿಸಿ. ಟಿಪ್ಪಣಿ ಪುಸ್ತಕದಲ್ಲಿ ನೀವು ಗೀಚಿಕೊಂಡದ್ದನ್ನು ಆ ಪ್ರತಿಯ ಜೊತೆ ಒಮ್ಮೆ ಹೋಲಿಸಿ ನೋಡಿ. ನೇರ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹಾಕುವುದಾದರೆ ಪ್ರತಿಯಲ್ಲಿದ್ದ ಹಾಗೇ ಹಾಕಿ. ಪ್ರತಿಯನ್ನು ಫೈಲಿನಲ್ಲಿ ಇಟ್ಟುಕೊಳ್ಳಿ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ‘ಇದು ಎಲ್ಲಿದೆ?’ ಅಂತ ಕೇಳಿದರೆ ತೆಗೆದು ತೋರಿಸಬಹುದು.