ಪ್ರಾರ್ಥನೆಯಿಂದ ಬೀದಿಗೆ: ಲೈಬೀರಿಯಾದ ಹೆಂಗಸರ ಶಾಂತಿ ಹೋರಾಟ

ಮಹಿಳೆಯರ ಶಾಂತಿ ಹೋರಾಟದಲ್ಲಿ ಅಧ್ಯಾತ್ಮದ ಪಾತ್ರವೇನು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು "ಮನೋಬಲ ಕೊಟ್ಟಿತು" ಎಂದು ಬರೆದು ಮುಗಿಸುತ್ತೇವೆ. ಅಷ್ಟು ಸಾಲದು. ಪಶ್ಚಿಮ ಆಫ್ರಿಕಾದ ಲೈಬೀರಿಯಾ ದೇಶವನ್ನು ನೋಡಿ.

ಅಲ್ಲಿ 1989ರಲ್ಲಿ ಶುರುವಾದ ಅಂತರ್ಯುದ್ಧ, ನಡುವೆ ಸ್ವಲ್ಪ ಬಿಡುವು ಕೊಟ್ಟು, 2003ರವರೆಗೂ ನಡೆಯಿತು. ಲೂಥರನ್ ಚರ್ಚಿನ ಮೂಲಕ ಯುದ್ಧದಲ್ಲಿ ನೊಂದವರ ನಡುವೆ ಕೆಲಸ ಮಾಡುತ್ತಿದ್ದ ಲೇಮಾ ಗ್ಬೋವಿ ಅವರಿಗೆ ಒಂದು ಕನಸು ಬಿತ್ತು: ಹೆಂಗಸರನ್ನು ಸೇರಿಸಿ ಶಾಂತಿಗಾಗಿ ಪ್ರಾರ್ಥಿಸು. ಮುಸ್ಲಿಂ ಮಹಿಳೆಯರೂ ಜೊತೆಯಾದರು. ಶುಕ್ರವಾರ ಮಸೀದಿ, ಶನಿವಾರ ಸಂತೆ, ಭಾನುವಾರ ಚರ್ಚು ಎಂದು ಕರಪತ್ರ ಹಿಡಿದು ತಿರುಗಿದರು. ಓದು ಬಾರದವರಿಗೆ ಚಿತ್ರ ಬರೆದು ಕೊಟ್ಟರು. ಹೆಂಗಸರು ಮೊದಲಿನಿಂದಲೂ ಸೇರುತ್ತಿದ್ದ ಜಾಗಗಳಿಗೇ ಹೋದರು ಎಂಬುದನ್ನು ಗಮನಿಸಿ.

ಆಮೇಲೆ ಬಿಳಿ ಬಟ್ಟೆ ತೊಟ್ಟು, ಒಡವೆ ಕಳಚಿಟ್ಟು, ರಾಜಧಾನಿ ಮನ್ರೋವಿಯಾದ ಮೀನು ಮಾರ್ಕೆಟ್ ಪಕ್ಕದ ಬಯಲಲ್ಲಿ ಕುಳಿತರು. ಅಧ್ಯಕ್ಷ ಚಾರ್ಲ್ಸ್ ಟೇಲರ್ ಓಡಾಡುವ ದಾರಿ ಅದು. ನಮ್ಮ ಮಂಗಳೂರಿನ ದಕ್ಕೆಯನ್ನೋ ಮಲ್ಪೆ ಬಂದರನ್ನೋ ಕಂಡವರಿಗೆ ಈ ಆಯ್ಕೆ ಬೇಗ ಅರ್ಥವಾಗುತ್ತದೆ. ಮೀನು ಬುಟ್ಟಿಯ ಮುಂದೆ ಕುಳಿತ ಹೆಂಗಸು ಯಾರಿಗೂ ಹೆದರಿ ಮಾತಾಡುವುದಿಲ್ಲ, ಅಲ್ವಾ? ಇನ್ನು ಆ ಬಿಳಿ ಬಟ್ಟೆ. ಶಬರಿಮಲೆಗೆ ಮಾಲೆ ಹಾಕಿದವರನ್ನು ನಾವು "ಸ್ವಾಮಿ" ಎಂದೇ ಕರೆಯುತ್ತೇವೆ. ನಿನ್ನೆಯವರೆಗೆ ಅವರು ಪಕ್ಕದ ಮನೆಯವರು ಅಷ್ಟೆ. ವ್ರತದ ಬಟ್ಟೆ ತೊಟ್ಟವರ ಮೇಲೆ ಕೈ ಮಾಡಲು ಯಾರಿಗಾದರೂ ಅಳುಕು ಬರುತ್ತದೆ.

ನನಗೆ ಜಾಸ್ತಿ ಮುಖ್ಯ ಅನಿಸುವುದು ಘಾನಾದ ಅಕ್ರಾದಲ್ಲಿ ನಡೆದದ್ದು. ಅಲ್ಲಿ ಟೇಲರ್ ಸರ್ಕಾರ ಮತ್ತು ಬಂಡುಕೋರರ ನಡುವಿನ ಸಂಧಾನ ಸುಮ್ನೆ ಎಳೆದಾಡುತ್ತಿತ್ತು. 2003ರ ಜುಲೈಯಲ್ಲಿ ಹೆಂಗಸರು ಸಭಾಂಗಣದ ಬಾಗಿಲಿಗೆ ಅಡ್ಡ ಕುಳಿತರು. ಕಾವಲಿನವರು ಬಂಧಿಸಲು ಬಂದಾಗ ಗ್ಬೋವಿ ಬಟ್ಟೆ ಬಿಚ್ಚತೊಡಗಿದರು. ತಾಯಿಯಾದವಳು ತಾನಾಗಿ ಬೆತ್ತಲಾದರೆ ಕಂಡ ಗಂಡಸಿಗೆ ಶಾಪ ತಟ್ಟುತ್ತದೆ ಎಂಬ ನಂಬಿಕೆ ಪಶ್ಚಿಮ ಆಫ್ರಿಕಾದ ಹಲವು ಕಡೆ ಇದೆ. ಬಂದವರು ಹಿಂದೆ ಸರಿದರು. ಚರ್ಚು, ಮಸೀದಿಗಳ ಜೊತೆ ಊರಿನ ಹಳೆಯ ನಂಬಿಕೆಯೂ ಇಲ್ಲಿ ಕೆಲಸ ಮಾಡಿತು. ಉತ್ತರ ಬರೆಯುವಾಗ ಇದನ್ನು ಬಿಡಬೇಡಿ.

ಹಾಗೆಂದು "ಪ್ರಾರ್ಥಿಸಿದರು, ಶಾಂತಿ ಬಂತು" ಎಂದೂ ಬರೆಯಬಾರದು. ಟೇಲರ್ ಮೇಲೆ ಯುದ್ಧಾಪರಾಧದ ಆರೋಪವಿತ್ತು, ಬಂಡುಕೋರರು ರಾಜಧಾನಿಯೊಳಗೇ ನುಗ್ಗಿದ್ದರು. ಆಗಸ್ಟ್ 11ರಂದು ಅವನು ಅಧಿಕಾರ ಬಿಟ್ಟ, 18ರಂದು ಒಪ್ಪಂದವಾಯಿತು. ಹೆಂಗಸರು ಮಾತ್ರ ಅಲ್ಲಿಗೇ ನಿಲ್ಲಲಿಲ್ಲ. ಮತ್ತೆ ಸಂತೆಗಳಿಗೆ ಹೋಗಿ, 2005ರ ಚುನಾವಣೆಗೆ ಹೆಂಗಸರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಿದರು. ಆ ಸಲ ಎಲೆನ್ ಜಾನ್ಸನ್ ಸರ್ಲೀಫ್ ಗೆದ್ದು ಅಧ್ಯಕ್ಷೆಯಾದರು.