ಘಟ್ಟಕ್ಕೆ ದೊಡ್ಡ ಕ್ಯಾಸೆಟ್ ಹಾಕುವ ಮುನ್ನ

ಭಾಗಮಂಡಲದಿಂದ ತಲಕಾವೇರಿಗೆ ಸುಮಾರು 8 ಕಿ.ಮೀ. ದಾರಿ, ಬಹುಪಾಲು ಏರೇ. ಸಂಪಾಜೆಯಿಂದ ಮಡಿಕೇರಿಗೆ ಬರುವ ಘಟ್ಟ ಅದಕ್ಕಿಂತ ಉದ್ದ. ಬಯಲುಸೀಮೆಯ ರಸ್ತೆಗೆಂದು ಕೊಂಡ ರೋಡ್ ಬೈಕನ್ನು ಇಲ್ಲಿಗೆ ತಂದವರು ಮೊದಲು ಕೇಳುವುದು ಹಿಂದಿನ ಚಕ್ರಕ್ಕೆ ದೊಡ್ಡ ಕ್ಯಾಸೆಟ್, ಅಂದರೆ ಹೆಚ್ಚು ಹಲ್ಲಿನ ಹಲ್ಲುಚಕ್ರಗಳ ಗೊಂಚಲು, ಹಾಕಬಹುದೇ ಎಂದು. ಹಾಕಬಹುದು. ಅದರಿಂದ ಎಷ್ಟು ಲಾಭ ಎಂಬುದನ್ನು ಮೊದಲು ಲೆಕ್ಕ ಹಾಕಿ ನೋಡೋಣ.

ಸವಾರ, ಸೈಕಲ್, ನೀರಿನ ಬಾಟಲಿ ಎಲ್ಲ ಸೇರಿ 85 ಕೆ.ಜಿ. ಎಂದಿಟ್ಟುಕೊಳ್ಳಿ. ನೂರು ಮೀಟರಿಗೆ ಎಂಟು ಮೀಟರ್ ಏರುವ ಕಡೆ 180 ವ್ಯಾಟ್ ಹಾಕಿ ತುಳಿದರೆ ವೇಗ ಗಂಟೆಗೆ 9 ಕಿ.ಮೀ. ಆಸುಪಾಸು. 700×25 ಟಯರಿನ ಸುತ್ತಳತೆ ಸುಮಾರು 2.1 ಮೀಟರ್. ಮುಂದೆ 34 ಹಲ್ಲು, ಹಿಂದೆ 28 ಹಲ್ಲು ಇದ್ದರೆ ಪೆಡಲು ನಿಮಿಷಕ್ಕೆ 59 ಸುತ್ತು ಬರುತ್ತದೆ. ಹಿಂದೆ 34 ಹಾಕಿದರೆ ಅದೇ ವೇಗಕ್ಕೆ 71. ಹಾಕುವ ಶಕ್ತಿ ಅಷ್ಟೇ, ಆದರೆ ಪ್ರತಿ ಸುತ್ತಿಗೆ ಮಂಡಿಯ ಮೇಲೆ ಬೀಳುವ ಒತ್ತಡ ಆರರಲ್ಲಿ ಒಂದು ಪಾಲಿನಷ್ಟು ಇಳಿಯುತ್ತದೆ. ಒಂದು ಗಂಟೆಯ ಏರಿನಲ್ಲಿ ಇದು ಸಣ್ಣ ಮಾತಲ್ಲ.

ಬಿಡಿಭಾಗ ಕೊಳ್ಳುವಾಗ ಹೆಚ್ಚಿನವರು ಕೇಳುವುದು ಎರಡೇ: ಯಾವ ಕಂಪನಿ, ಎಷ್ಟು ಸ್ಪೀಡ್ (ಹಿಂದೆ ಎಷ್ಟು ಹಲ್ಲುಚಕ್ರ). ನಿಜವಾಗಿ ಹೊಂದಿಕೆಯನ್ನು ತೀರ್ಮಾನಿಸುವುದು ಒಂದು ಗುಣಾಕಾರ. ಹ್ಯಾಂಡಲಿನ ಮೇಲಿನ ಗೇರ್ ಸನ್ನೆ, ಅಂದರೆ ಶಿಫ್ಟರ್, ಒಂದು ಕ್ಲಿಕ್ಕಿಗೆ ಕೇಬಲ್ಲನ್ನು ಇಷ್ಟು ಮಿ.ಮೀ. ಎಳೆಯುತ್ತದೆ, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡೀರೇಲರ್ ಆ ಎಳೆತವನ್ನು ಇಷ್ಟು ಪಟ್ಟು ಮಾಡಿ ಅಡ್ಡಕ್ಕೆ ಸರಿಯುತ್ತದೆ, ಆ ಗುಣಲಬ್ಧ ಕ್ಯಾಸೆಟ್ಟಿನ ಎರಡು ಹಲ್ಲುಚಕ್ರಗಳ ನಡುವಿನ ಅಂತರಕ್ಕೆ ಸಮನಾಗಬೇಕು. ಶಿಮಾನೋದ ಹಳೆಯ 10 ಸ್ಪೀಡ್ ರೋಡ್ ಶಿಫ್ಟರ್ ಎಳೆಯುವುದು ಸುಮಾರು 2.3 ಮಿ.ಮೀ., ಡೀರೇಲರಿನ ಅನುಪಾತ 1.7. ಗುಣಿಸಿದರೆ 3.9, ಕ್ಯಾಸೆಟ್ಟಿನ ಅಂತರ 3.95. ಸರಿ ಕೂತಿತು. 11 ಸ್ಪೀಡಿನಲ್ಲಿ ಎಳೆತ 2.7, ಅನುಪಾತ 1.4, ಗುಣಲಬ್ಧ 3.78, ಕ್ಯಾಸೆಟ್ಟಿನ ಅಂತರವೂ ಹೆಚ್ಚುಕಡಿಮೆ ಅಷ್ಟೇ.

ಈಗ 11 ಸ್ಪೀಡ್ ಶಿಫ್ಟರಿಗೆ ಹಳೆಯ 10 ಸ್ಪೀಡ್ ಡೀರೇಲರ್ ಸಿಕ್ಕಿಸಿ ನೋಡಿ. 2.7ನ್ನು 1.7ರಿಂದ ಗುಣಿಸಿದರೆ 4.59. ಪ್ರತಿ ಕ್ಲಿಕ್ಕಿಗೂ 0.8 ಮಿ.ಮೀ.ಗಿಂತ ಹೆಚ್ಚು ತಪ್ಪು, ನಾಲ್ಕೈದು ಕ್ಲಿಕ್ಕಿನಲ್ಲಿ ಒಂದು ಇಡೀ ಹಲ್ಲುಚಕ್ರದಷ್ಟು ಜಾರಿರುತ್ತದೆ. ಇಂಥ ಜೋಡಣೆಯನ್ನು ಟ್ಯೂನಿಂಗ್ ಮಾಡಿ ಸರಿಪಡಿಸುತ್ತೇನೆ ಎಂದು ಗಂಟೆಗಟ್ಟಲೆ ಕೂರುವವರಿದ್ದಾರೆ. ಕೇಬಲ್ಲಿನ ಬಿಗಿ ಆರಂಭದ ಜಾಗವನ್ನಷ್ಟೇ ಬದಲಿಸುತ್ತದೆ, ಹೆಜ್ಜೆಯ ಉದ್ದವನ್ನಲ್ಲ. ಒಂದು ತುದಿ ಸರಿಹೋದರೆ ಇನ್ನೊಂದು ತುದಿ ಕೆಡುತ್ತದೆ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಶಿಮಾನೋದ ಟಿಯಾಗ್ರಾ ಎಂಬ ಮಾದರಿಯಲ್ಲಿ. 4600 ಸರಣಿ 10 ಸ್ಪೀಡ್, 4700 ಕೂಡ 10 ಸ್ಪೀಡ್. ಆದರೆ 4700ರ ಡೀರೇಲರ್ 11 ಸ್ಪೀಡಿನಂತೆ 1.4 ಅನುಪಾತದ್ದು. ಹೆಸರು ಒಂದೇ, ಸ್ಪೀಡ್ ಒಂದೇ, ಒಂದರ ಶಿಫ್ಟರಿಗೆ ಇನ್ನೊಂದರ ಡೀರೇಲರ್ ಮಾತ್ರ ಒಗ್ಗದು. ಅದಕ್ಕೇ ಡೀರೇಲರಿನ ಹಿಂಬದಿಯಲ್ಲಿ ಅಚ್ಚೊತ್ತಿರುವ ಮಾದರಿ ಸಂಖ್ಯೆಯನ್ನು ಓದದೆ ಏನನ್ನೂ ಆರ್ಡರ್ ಮಾಡಬಾರದು. ಸ್ರ್ಯಾಮ್ ಎಂಬ ಇನ್ನೊಂದು ಕಂಪನಿಯ ಶಿಫ್ಟರಿಗೆ ಶಿಮಾನೋ ಡೀರೇಲರೂ ಹೊಂದುವುದಿಲ್ಲ. ಕ್ಯಾಸೆಟ್ ಮತ್ತು ಚೈನಿನ ವಿಷಯ ಬೇರೆ: 8ರಿಂದ 11 ಸ್ಪೀಡಿನವರೆಗೆ, ಸ್ಪೀಡ್ ಒಂದೇ ಆಗಿದ್ದರೆ, ಈ ಎರಡು ಕಂಪನಿಗಳ ಮಾಲು ಅದಲುಬದಲಾಗಿ ನಡೆಯುತ್ತದೆ.

ಇನ್ನು ಡೀರೇಲರಿನ ಸಾಮರ್ಥ್ಯ, ಅಂದರೆ ಚೈನಿನ ಎಷ್ಟು ಸಡಿಲವನ್ನು ಅದು ಎಳೆದು ಹಿಡಿಯಬಲ್ಲದು ಎಂಬುದು. ಪೆಡಲಿನ ಬಳಿಯ ಎರಡು ಹಲ್ಲುಚಕ್ರಗಳ ಹಲ್ಲಿನ ವ್ಯತ್ಯಾಸಕ್ಕೆ ಕ್ಯಾಸೆಟ್ಟಿನ ದೊಡ್ಡ, ಚಿಕ್ಕ ಚಕ್ರಗಳ ವ್ಯತ್ಯಾಸ ಕೂಡಿಸಿ. 50/34 ಮತ್ತು 11-34 ಆದರೆ 16ಕ್ಕೆ 23 ಸೇರಿ 39. ಶಿಮಾನೋದ 105 ಆರ್7000 ಡೀರೇಲರ್ ಎರಡು ಬಗೆಯಲ್ಲಿ ಬರುತ್ತದೆ. ಎಸ್ಎಸ್ ಎಂಬ ಗಿಡ್ಡ ಕೇಜಿನದು (ಕೇಜ್ ಎಂದರೆ ಡೀರೇಲರಿನ ಎರಡು ರಾಟೆಗಳನ್ನು ಹಿಡಿದ ಕೆಳಗಿನ ತೋಳು) 30 ಹಲ್ಲಿನವರೆಗೆ, ಒಟ್ಟು 35. ಜಿಎಸ್ ಎಂಬ ಉದ್ದ ಕೇಜಿನದು 34 ಹಲ್ಲು, ಒಟ್ಟು 39. ಗಿಡ್ಡದ್ದಕ್ಕೆ 34 ಹಾಕಿ ಬಿ-ಸ್ಕ್ರೂ ಪೂರ್ತಿ ತಿರುಗಿಸಿದರೆ ಹೇಗೋ ಓಡುತ್ತದೆ ಎನ್ನುವವರು ಉಂಟು. ಆ ಸ್ಕ್ರೂ ಡೀರೇಲರನ್ನು ಕ್ಯಾಸೆಟ್ಟಿನಿಂದ ಸ್ವಲ್ಪ ದೂರ ತಳ್ಳುತ್ತದೆ, ನಿಜ. ಕೇಜನ್ನು ಉದ್ದ ಮಾಡುವುದಿಲ್ಲ. ಮುಂದೆಯೂ ಹಿಂದೆಯೂ ಚಿಕ್ಕದಿರುವ ಗೇರಿನಲ್ಲಿ ಜೋಲುವ ಚೈನು ಜೋಲುತ್ತಲೇ ಇರುತ್ತದೆ. ಜಿಎಸ್ ಕೊಳ್ಳುವುದೇ ಲೇಸು.

ಕ್ಯಾಸೆಟ್ ಕೂರುವ ಫ್ರೀಹಬ್ಬನ್ನೂ ನೋಡಬೇಕು. 11 ಸ್ಪೀಡ್ ರೋಡ್ ಫ್ರೀಹಬ್ ಹಳೆಯದಕ್ಕಿಂತ 1.85 ಮಿ.ಮೀ. ಉದ್ದ, ಅದರ ಮೇಲೆ 8, 9, 10 ಸ್ಪೀಡ್ ಕ್ಯಾಸೆಟ್ ಹಾಕುವಾಗ ಹಿಂದೆ ಅಷ್ಟೇ ದಪ್ಪದ ಸ್ಪೇಸರ್ ಬಳೆ ಬೇಕು. ಶಿಮಾನೋದ 11 ಸ್ಪೀಡ್ 11-34 ಕ್ಯಾಸೆಟ್‌ಗಳಿಗೂ ಈ ಹಬ್ಬಿನ ಮೇಲೆ ಅದೇ ಸ್ಪೇಸರ್ ಬೇಕು, ಮರೆಯುವವರು ಬಹಳ. ಮರೆತರೆ ಕ್ಯಾಸೆಟ್ಟನ್ನು ಹಿಡಿದಿಡುವ ಲಾಕ್‌ರಿಂಗ್ ಬಿಗಿದ ಮೇಲೂ ಹಲ್ಲುಚಕ್ರಗಳು ಗಡಗಡ ಅಲ್ಲಾಡುತ್ತವೆ. ಬಿಗಿ 40 ನ್ಯೂಟನ್ ಮೀಟರ್ ಇರಲಿ. 7 ಸ್ಪೀಡಿನ ಅಗ್ಗದ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಕ್ಯಾಸೆಟ್ಟೇ ಇರುವುದಿಲ್ಲ, ಹಬ್ಬಿನ ತಿರುಪಿನ ಮರೆಗೆ ತಿರುಗಿಸಿ ಕೂರಿಸುವ ಫ್ರೀವೀಲ್ ಇರುತ್ತದೆ. ಅಲ್ಲಿ ಕ್ಯಾಸೆಟ್ ಬೇಕೆಂದರೆ ಹಿಂದಿನ ಹಬ್ಬನ್ನೇ, ಅಂದರೆ ಬಹುತೇಕ ಇಡೀ ಚಕ್ರವನ್ನೇ, ಬದಲಿಸಬೇಕು.

ಚೈನು ಎಲ್ಲದರಲ್ಲೂ ಕೊಂಡಿಗೆ 12.7 ಮಿ.ಮೀ.; ಬೇರೆಯಾಗುವುದು ಹೊರ ಅಗಲ. 8 ಸ್ಪೀಡಿನದು 7.1, 10ರದು 5.9, 11ರದು ಸುಮಾರು 5.5 ಮಿ.ಮೀ. ದೊಡ್ಡ ಕ್ಯಾಸೆಟ್ಟಿಗೆ ಹಳೆಯ ಚೈನು ಗಿಡ್ಡವಾಗುತ್ತದೆ, ಹೊಸತನ್ನು ಅಳೆದೇ ಕತ್ತರಿಸಿ. ಡೀರೇಲರಿನೊಳಗೆ ತೂರಿಸದೆ ಮುಂದಿನ ದೊಡ್ಡದು, ಹಿಂದಿನ ದೊಡ್ಡದರ ಮೇಲೆ ಸುತ್ತಿ, ತುದಿಗಳು ಕೂಡುವಲ್ಲಿಂದ ಎರಡು ಕೊಂಡಿ ಹೆಚ್ಚು ಬಿಡಿ. ಗಿಡ್ಡ ಚೈನಿನಲ್ಲಿ ಅಪ್ಪಿತಪ್ಪಿ ದೊಡ್ಡ-ದೊಡ್ಡ ಗೇರಿಗೆ ಹೋದರೆ ಡೀರೇಲರ್ ಕಿತ್ತುಬರುತ್ತದೆ.

ಜೋಡಿಸುವಾಗ ಕ್ರಮ ಮುಖ್ಯ. ಡೀರೇಲರನ್ನು ಹ್ಯಾಂಗರಿಗೆ (ಫ್ರೇಮಿನಲ್ಲಿ ಅದು ತೂಗುವ ತುಂಡಿಗೆ) 8–10 ನ್ಯೂಟನ್ ಮೀಟರಿನಲ್ಲಿ ಬಿಗಿಯಿರಿ. ಕೇಬಲ್ ಹಾಕುವ ಮೊದಲೇ ಚಿಕ್ಕ ಗೇರಿನ ಕಡೆಯ ಮಿತಿ ನಿಲ್ಲಿಸುವ ಎಚ್ ಸ್ಕ್ರೂ ತಿರುಗಿಸಿ ಮೇಲಿನ ರಾಟೆಯನ್ನು ಚಿಕ್ಕ ಹಲ್ಲುಚಕ್ರದ ನೇರಕ್ಕೆ ತನ್ನಿ. ಆಮೇಲೆ ಶಿಫ್ಟರನ್ನು ಕೊನೆಯ ಕ್ಲಿಕ್ಕಿಗೆ ಇಳಿಸಿ, ಕೇಬಲ್ಲನ್ನು ಬೋಲ್ಟಿನ ಕೆಳಗಿನ ತೋಡಿನಲ್ಲೇ ಕೂರಿಸಿ 6–7 ನ್ಯೂಟನ್ ಮೀಟರಿಗೆ ಬಿಗಿಯಿರಿ. ಬೋಲ್ಟಿನ ತಪ್ಪು ಬದಿಯಲ್ಲಿ ಹಾದರೆ ಸನ್ನೆಯ ಉದ್ದ ಬದಲಾಗಿ ಮೇಲಿನ ಗುಣಾಕಾರವೇ ಹಾಳು. ದೊಡ್ಡ ಹಲ್ಲುಚಕ್ರಕ್ಕೆ ಕೈಯಿಂದ ತಳ್ಳಿ ಆ ಕಡೆಯ ಮಿತಿಯ ಎಲ್ ಸ್ಕ್ರೂ ನಿಲ್ಲಿಸಿ. ಇದು ಸಡಿಲವಾಗಿದ್ದರೆ ಚೈನು ಕ್ಯಾಸೆಟ್ ಮತ್ತು ಕಡ್ಡಿಗಳ ನಡುವೆ ಬೀಳುತ್ತದೆ, ಅದೂ ಏರಿನಲ್ಲಿ ಎದ್ದು ನಿಂತು ತುಳಿಯುವಾಗಲೇ. ರಾಟೆಗೂ ದೊಡ್ಡ ಹಲ್ಲುಚಕ್ರಕ್ಕೂ 5–6 ಮಿ.ಮೀ. ಸಂದು ಬರುವಂತೆ ಬಿ-ಸ್ಕ್ರೂ ಹೊಂದಿಸಿ. ಕೊನೆಗೆ ಕೇಬಲ್ಲಿನ ಬಿಗಿ ಹೊಂದಿಸುವ ಬ್ಯಾರೆಲ್ ಅಡ್ಜಸ್ಟರ್, ಪ್ರತಿ ಸಲವೂ ಕಾಲು ಸುತ್ತು ಮಾತ್ರ. ದೊಡ್ಡದಕ್ಕೆ ಹತ್ತಲು ತಡವಾದರೆ ಬಿಗಿ ಸಾಲದು. ಚಿಕ್ಕದಕ್ಕೆ ಇಳಿಯಲು ತಡವಾದರೆ ಬಿಗಿ ಹೆಚ್ಚು, ಇಲ್ಲವೇ ಕೇಬಲ್ ಉಜ್ಜುತ್ತಿದೆ.

ಕೊಡಗಿನಲ್ಲಿ ಕೇಬಲ್ ಉಜ್ಜುವುದೇ ಹೆಚ್ಚು. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಓಡಾಡಿದ ಸೈಕಲ್ಲಿನ ಹಿಂದಿನ ಡೀರೇಲರ್ ಪಕ್ಕದಲ್ಲಿ ಕೇಬಲ್ ಹಾಯುವ ಬಾಗಿದ ಕೊಳವೆಯಲ್ಲಿ ನೀರೂ ಕೆಮ್ಮಣ್ಣೂ ನಿಲ್ಲುತ್ತವೆ. ಚಿಕ್ಕ ಗೇರಿಗೆ ಇಳಿಸುವುದು ಡೀರೇಲರಿನ ಸ್ಪ್ರಿಂಗ್ ಮಾತ್ರ. ತುಕ್ಕು ಹಿಡಿದ ಕೇಬಲ್ಲನ್ನು ಅದು ಎಳೆದುಕೊಳ್ಳಲಾರದು. ಮಳೆಗಾಲ ಮುಗಿದ ಮೇಲೆ ಆ ಕೊಳವೆಯ ತುಂಡನ್ನೂ ಒಳಗಿನ 1.2 ಮಿ.ಮೀ. ತಂತಿಯನ್ನೂ ಬದಲಿಸಿಬಿಡಿ. ಅಂಗಡಿಯಲ್ಲಿ ಬ್ರೇಕ್ ಕೊಳವೆ ಕೊಟ್ಟರೆ ಬೇಡವೆನ್ನಿ: ಅದರ ಸುರುಳಿ ತಂತಿ ಒತ್ತಿದಾಗ ಕುಗ್ಗಿ ಕ್ಲಿಕ್ ತಪ್ಪುತ್ತದೆ. ಗೇರಿನ ಕೊಳವೆಯಲ್ಲಿ ತಂತಿಗಳು ಉದ್ದಕ್ಕೆ ಇರುವುದರಿಂದ ಕುಗ್ಗುವುದಿಲ್ಲ, ಆದರೆ ಜೋರು ಎಳೆತಕ್ಕೆ ಸೀಳಬಹುದು. ಅದನ್ನು ಬ್ರೇಕಿಗೆ ಹಾಕುವುದು ಇನ್ನೂ ಅಪಾಯ.

ಇಷ್ಟೆಲ್ಲ ಮಾಡಿಯೂ ನಡುವಿನ ಎರಡು ಮೂರು ಗೇರು ಕಿರಿಕಿರಿ ಎನ್ನುತ್ತಿದ್ದರೆ ಹ್ಯಾಂಗರ್ ಬಾಗಿದೆಯೇ ಎಂದು ನೋಡಿ. ಬಲಕ್ಕೆ ಒಮ್ಮೆ ಬಿದ್ದರೂ ಸಾಕು, ಆ ಮೆತ್ತನೆಯ ಅಲ್ಯೂಮಿನಿಯಂ ಬಾಗುತ್ತದೆ. ಅಳತೆಕೋಲನ್ನು ಡೀರೇಲರಿನ ಜಾಗಕ್ಕೆ ಸಿಕ್ಕಿಸಿ ರಿಮ್ಮಿನ ನಾಲ್ಕು ಕಡೆ ಹೋಲಿಸಿದಾಗ 3–4 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ನೇರ ಮಾಡಬೇಕು. ಹ್ಯಾಂಗರ್ ಒಂದೊಂದು ಫ್ರೇಮಿಗೂ ಬೇರೆ ಬೇರೆ, ಊರಿನ ಅಂಗಡಿಯಲ್ಲಿ ನಿಮ್ಮದೇ ಸಿಗುತ್ತದೆಂಬ ಖಾತ್ರಿಯಿಲ್ಲ. ಕ್ಯಾಸೆಟ್ ಆರ್ಡರ್ ಮಾಡುವಾಗಲೇ ನಿಮ್ಮ ಫ್ರೇಮಿನದೊಂದನ್ನು ತರಿಸಿ ಸೀಟಿನ ಕೆಳಗಿನ ಚೀಲಕ್ಕೆ ಹಾಕಿಡಿ.